ಕಣಕ ಹಚ್ಚಿ ಆರಿಸಿದ ಗಾಲಿ

ಹೋದ ವಾರ, ನಾನೀಗ ಇರುವ ಮುದ್ದೇಬಿಹಾಳದ ಟೈರಿನ ಅಂಗಡಿಯೊಂದರಲ್ಲಿ ಬಹಳ ಹೊತ್ತು ಕೂತಿದ್ದೆ. ನನ್ನ ಸ್ಕೂಟರಿನ ಹಿಂದಿನ ಟೈರು ಸವೆದು ಬೋಳಾಗಿತ್ತು. ಅಂಗಡಿಯವರು ಹೊಸ ಟೈರಿಗೆ ಸುತ್ತಿದ್ದ ಹಾಳೆಯನ್ನು ಪರ್‍ರನೆ ಹರಿದರು ನೋಡಿ, ಆ ಹಸಿ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಕೆಲವರಿಗೆ ಮಲ್ಲಿಗೆಯ ವಾಸನೆಗೆ ತವರು ನೆನಪಾಗುತ್ತದಂತೆ, ಕೆಲವರಿಗೆ ಹುರಿದ ಶೇಂಗಾದ ವಾಸನೆಗೆ. ನನಗೆ ಟೈರಿನ ವಾಸನೆಗೆ ನೆನಪಾಗುತ್ತದೆ. ನೆನಪಾದ ಕೂಡಲೇ ಸಿಟ್ಟು ಬರುತ್ತದೆ. ತವರಿನ ಬಗ್ಗೆ ಹೆಣ್ಣುಮಗಳು ಹೀಗೆಲ್ಲ ಬರೆಯಬಾರದು ಎನ್ನುವವರು ಇಲ್ಲಿಗೇ ಪುಟ ಮಗುಚಿದರೆ ನನಗೇನೂ ಬೇಜಾರಿಲ್ಲ.

ನನ್ನ ತವರು ಇಂಡಿ. ಅಪ್ಪನದು ಲಿಂಬೆ ತೋಟ, ಜೊತೆಗೆ ಲಿಂಬೆಯ ವ್ಯಾಪಾರ. ಮಕ್ಕಳು ನಾವಿಬ್ಬರೇ, ಅಣ್ಣ ಮತ್ತು ನಾನು. ಇಬ್ಬರಿಗೂ ಗಾಡಿಗಳ ಹುಚ್ಚು. ಆದರೆ ಈ ಹುಚ್ಚು ಗಂಡುಮಗನಿಗೆ ಹತ್ತಿದರೆ ಅದನ್ನು ಹವ್ಯಾಸ ಅನ್ನುತ್ತಾರೆ, ಹೆಣ್ಣುಮಗಳಿಗೆ ಹತ್ತಿದರೆ ಬೇಗ ಮದುವೆ ಮಾಡಿ ಮುಗಿಸಿ ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮೊದಲೇ ನಾನು ಟ್ರ್ಯಾಕ್ಟರನ್ನು ಹಿಂದಕ್ಕೆ ಹಾಯಿಸಿ, ಟ್ರಾಲಿಯನ್ನು ಎಲ್ಲಿಯೂ ತಾಗಿಸದೆ ಶೆಡ್ಡಿನೊಳಗೆ ಸೇರಿಸುತ್ತಿದ್ದೆ. ಅಣ್ಣನಿಗೆ ಅದು ಇವತ್ತಿಗೂ ಬರುವುದಿಲ್ಲ. ಇದನ್ನು ಹೇಳಿದ್ದು ಸಣ್ಣತನವೇ ಇರಬಹುದು, ಆದರೂ ಹೇಳಿಬಿಟ್ಟೆ.

ಹದಿನೈದು ವರ್ಷಗಳ ಹಿಂದೆ ಅಣ್ಣ ಪುಣೆಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದ. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ನಿಲ್ಲುತ್ತಿತ್ತು. ನಮ್ಮ ಓಣಿಯ ಹಂಪು ದಾಟಬೇಕಾದರೆ ಅದನ್ನು ಓರೆಯಾಗಿ ಹತ್ತಿಸಿ ಓರೆಯಾಗಿ ಇಳಿಸಬೇಕಿತ್ತು. ಅವ್ವ ಒಂದು ಸಲ ಒಳಗೆ ಕೂತು ನೋಡಿ, ನಮ್ಮಿಬ್ಬರ ಕೈ ಹಿಡಿದುಕೊಂಡು ಹೊರಗೆ ಬಂದಳು.

“ಕುಂದ್ರಾಕ ಹೋದ್ರ ಮಲಗಿದಂಗ ಆಗತೈತಿ. ಇದಕ್ಕ ರೊಕ್ಕ ಬ್ಯಾರೆ ಕೊಟ್ಟು ಬಂದಾನ,” ಅಂದಳು.

ಅಣ್ಣನ ಆಸೆ ಊರಲ್ಲಿ ಓಡಿಸುವುದಲ್ಲ. ಕೊಯಮತ್ತೂರಿನ ಕಡೆ ರೇಸಿನ ಟ್ರ್ಯಾಕ್ ಇದೆ, ಕೆಲವು ದಿನ ನಮ್ಮಂಥವರೂ ಫೀ ಕಟ್ಟಿ ಅಲ್ಲಿ ಸ್ವಂತ ಕಾರು ಓಡಿಸಬಹುದು ಎಂದು ಅವನಿಗೆ ಯಾರೋ ಹೇಳಿದ್ದರು. ರಸ್ತೆಯ ಟೈರು ಹಾಕಿಕೊಂಡು ಅಲ್ಲಿಗೆ ಹೋದರೆ ಎರಡೇ ಸುತ್ತಿನಲ್ಲಿ ಟೈರು ಜಾರಲು ಶುರುವಾಗುತ್ತದೆ ಎಂದು ನಾನು ಹೇಳಿದೆ. ಕಂಪ್ಯೂಟರಿನ ಮುಂದೆ ಕೂತು ಅಷ್ಟರಲ್ಲಾಗಲೇ ಸಾಕಷ್ಟು ಓದಿದ್ದೆ.

“ಹಂಗಾದ್ರ ಗಾಲಿ, ಟೈರು ನೀನ ಆರಸು,” ಅಂದ ಅಣ್ಣ. “ಮುಂಜಾನೆ ನಾ ಓಡಸ್ತೇನಿ, ಮಧ್ಯಾಹ್ನ ನಿನ್ನ ಪಾಳಿ.”

ಆ ಮಾತಿನ ಮೇಲೆ ನಾನು ಒಂದು ಚಳಿಗಾಲ ಪೂರ್ತಿ ಬದುಕಿದೆ. ಕೋಣೆಯ ಬಾಗಿಲು ಹಾಕಿಕೊಂಡು, ಊಟದ ತಾಟನ್ನು ಸ್ಟೇರಿಂಗಿನಂತೆ ಹಿಡಿದು, ಆ ಟ್ರ್ಯಾಕಿನ ತಿರುವುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ನಗಬೇಡಿ. ನಗುವುದಾದರೂ ಈಗಲೇ ನಕ್ಕುಬಿಡಿ, ಮುಂದೆ ಅಂಥದ್ದೇನೂ ಇಲ್ಲ.

ಸೊಲ್ಲಾಪುರದ ಅಂಗಡಿಯಲ್ಲಿ ಹದಿನೆಂಟು ಇಂಚಿನ, ಕನ್ನಡಿಯಂತೆ ಹೊಳೆಯುವ ರಿಮ್ಮುಗಳನ್ನು ತೋರಿಸಿದರು. ಅಣ್ಣ ಅಲ್ಲೇ ಕರಗಿಹೋದ. “ಊರಾಗ ನಾಕ ಮಂದಿ ನೋಡಬೇಕಲ್ಲ,” ಅಂದ. ಟ್ರ್ಯಾಕಿನಲ್ಲಿ ನೋಡುವ ಮಂದಿ ಇರುವುದಿಲ್ಲ ಎಂದು ತಿಳಿಸಿ ಹೇಳುವುದೇ ನನಗೊಂದು ಕೆಲಸವಾಯಿತು. ರಿಮ್ಮು ದೊಡ್ಡದಾದಷ್ಟೂ ಭಾರ. ಭಾರದ ಗಾಲಿ ಓಟ ಹಿಡಿಯುವುದೂ ತಡ, ನಿಲ್ಲುವುದೂ ತಡ. ನಮಗೆ ಬೇಕಾದದ್ದು ಹದಿನಾರು ಇಂಚಿನ ಹಗುರ ರಿಮ್ಮು. ಆದರೆ ಕಾರಿನ ಮೊದಲ ಮಾಲೀಕ ಮುಂದಿನ ಗಾಲಿಗಳಿಗೆ ದೊಡ್ಡ ಬ್ರೇಕು ಕೂಡಿಸಿದ್ದ. ಸಣ್ಣ ರಿಮ್ಮು ಅದಕ್ಕೆ ತಾಗಿದರೆ ಕತೆ ಮುಗಿಯಿತು.

ತಾಗುತ್ತದೋ ಇಲ್ಲವೋ ನೋಡಲು ಪರದೇಶದವರು ಅದೇನೋ ಮೆತ್ತನೆಯ ಜೇಡಿಮಣ್ಣು ಬಳಸುತ್ತಾರಂತೆ. ಇಂಡಿಯಲ್ಲಿ ಅದೆಲ್ಲಿಂದ ತರುವುದು? ಅವತ್ತು ಮನೆಯಲ್ಲಿ ಹೋಳಿಗೆ. ಅವ್ವ ನಾದಿಟ್ಟ ಕಣಕದಲ್ಲಿ ಒಂದು ಮುಷ್ಟಿ ಕದ್ದು ತಂದು ಬ್ರೇಕಿನ ಮೇಲೆ ಮೆತ್ತಿದೆ. ಮಾದರಿಗೆ ತಂದಿದ್ದ ರಿಮ್ಮು ಕೂಡಿಸಿ, ಕೈಯಿಂದ ಒಂದು ಸುತ್ತು ತಿರುವಿ, ಬಿಚ್ಚಿ ನೋಡಿದೆವು. ಕಣಕವೆಲ್ಲ ಕೆರೆದುಹೋಗಿತ್ತು, ಅಂದರೆ ರಿಮ್ಮು ತಾಗುತ್ತದೆ. ಅದನ್ನು ವಾಪಸು ಕೊಟ್ಟು ಇನ್ನೊಂದು ನಮೂನೆಯದನ್ನು ತರಿಸಿದೆ. ಈ ಸಲ ಕಣಕ ಒಂದು ಚಪಾತಿಯಷ್ಟು ದಪ್ಪ ಉಳಿದಿತ್ತು. ಅಷ್ಟು ಸಂದು ಸಾಕು.

“ಉಣ್ಣೂ ಹಿಟ್ಟು ಗಾಲಿಗೆ ಹಚ್ಚತಿ. ನಾಳೆ ಗಂಡನ ಮನ್ಯಾಗ ಇದನ್ನ ಮಾಡಾಕಿ ಏನು?” ಎಂದು ಅವ್ವ ಬೈದಳು. ಬೈಯುತ್ತಲೇ ಎರಡನೆಯ ಸಲ ಹಿಟ್ಟು ತಾನೇ ನಾದಿ ಕೊಟ್ಟಳು.

ಟೈರೂ ನಾನೇ ಆರಿಸಿದೆ. ಗೆರೆ ಕಡಿಮೆ ಇರುವ, ಉಗುರು ಊರಿದರೆ ಗುರುತು ಮೂಡುವಷ್ಟು ಮೆತ್ತನೆಯ ಟೈರು. ಅದು ತಣ್ಣಗಿದ್ದಾಗ ನೆಲ ಹಿಡಿಯುವುದಿಲ್ಲ, ರೊಟ್ಟಿಯ ಹಂಚಿನಂತೆ ಮೊದಲು ಕಾಯಬೇಕು. ಕಾದಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಆದ್ದರಿಂದ ಮುಂಜಾನೆ ಗಾಳಿ ಕಡಿಮೆ ಹಾಕಿಕೊಂಡೇ ಹೊರಡಬೇಕು. ಇದೆಲ್ಲ ನನಗೆ ಪಾಠವಾಗಿತ್ತು. ಅಣ್ಣನಿಗೆ ಹೇಳಿ ಹೇಳಿ ಸಾಕಾಗುತ್ತಿತ್ತು. ಅವನ ಸಣ್ಣ ಮಗಳು ಆಗ ನನ್ನ ಕಂಕುಳಲ್ಲೇ ಇರುತ್ತಿದ್ದಳು. ತನ್ನ ಅಪ್ಪನಿಗಿಂತ ಆ ಕೂಸೇ ಹೆಚ್ಚು ಲಕ್ಷ್ಯ ಕೊಟ್ಟು ಕೇಳುತ್ತಿತ್ತು.

ಅಷ್ಟರಲ್ಲಿ ಸಿಂದಗಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು, ಒಪ್ಪಿದರು. ಕೊಯಮತ್ತೂರಿಗೆ ಹೊರಡಲು ಒಂದು ವಾರವಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಾತು ತೆಗೆದ.

“ನೀ ಹೋಗೂದು ಬ್ಯಾಡವಾ. ಮಾತು ಮುಗದೈತಿ. ಅಲ್ಲಿ ನೀ ಹೆಲ್ಮೆಟ್ ಹಾಕ್ಕೊಂಡು ಗಾಡಿ ಓಡಿಸಿದ್ದು ಬೀಗರ ಕಿವಿಗೆ ಬಿದ್ರ ಏನ್ ಹೇಳೂದು?”

ನಾನು ಅಣ್ಣನ ಮುಖ ನೋಡಿದೆ. ಮಾತು ಕೊಟ್ಟವನು ಅವನು, ಕಾರು ಅವನದು, ಅಪ್ಪ ಕೇಳುವುದಿದ್ದರೆ ಅವನ ಮಾತೊಂದನ್ನೇ. ಅವನು ರೊಟ್ಟಿ ಮುರಿದು ಝುಣಕದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಇನ್ನೊಂದು ತುತ್ತು ಮುರಿದ. ಊಟ ಮುಗಿಸಿ ಕೈ ತೊಳೆಯಲು ಎದ್ದುಹೋದ.

ಅಣ್ಣ ನನ್ನ ಬದಲು ಕಾಕಾನ ಮಗನನ್ನು ಕರೆದುಕೊಂಡು ಹೋದ. ಅವನಿಗೆ ಗೇರು ಹಾಕಲೂ ನೆಟ್ಟಗೆ ಬರುತ್ತಿರಲಿಲ್ಲ, ಆದರೂ ಮಧ್ಯಾಹ್ನದ ಪಾಳಿ ಅವನದಾಯಿತು. ತಿರುಗಿ ಬಂದು ಇಬ್ಬರೂ ವಾರಗಟ್ಟಲೆ ಅದನ್ನೇ ಹೇಳಿದರು. ಕಾರು ಹಳಿಯ ಮೇಲೆ ಇದ್ದಂತೆ ತಿರುಗಿತಂತೆ. ಇಂಥ ಗಾಲಿ ಯಾರು ಆರಿಸಿದರೆಂದು ಅಲ್ಲಿನವರು ಕೇಳಿದರಂತೆ. “ನಾನ ಅಂತ ಹೇಳಿದ್ನಿ,” ಎಂದು ಅಣ್ಣ ನನ್ನೆದುರೇ ಹೇಳಿ ನಕ್ಕ. ಎಲ್ಲರೂ ನಕ್ಕರು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ನನ್ನ ಮದುವೆಯ ಮೆರವಣಿಗೆಗೆ ಆ ಕಾರಿಗೆ ಕೊನೆಗೂ ಹದಿನೆಂಟು ಇಂಚಿನ ಹೊಳೆಯುವ ರಿಮ್ಮುಗಳು ಬಂದವು. ನಾನು ತರಿಸಿದ ಗಾಲಿಗಳು ದನದ ಕೊಟ್ಟಿಗೆಯ ಮೂಲೆ ಸೇರಿದವು. ಮೊದಲ ಪಂಚಮಿಗೆ ತವರಿಗೆ ಹೋದಾಗ ನೋಡಿದರೆ ಅಲ್ಲಿಯೂ ಇರಲಿಲ್ಲ, ಗುಜರಿಯವನಿಗೆ ತೂಕಕ್ಕೆ ಹಾಕಿದ್ದರು. ಇನ್ನೊಂದು ಮಾತಿದೆ, ಇದೇ ಎಲ್ಲಕ್ಕಿಂತ ಕಹಿ. ಮದುವೆಯಾದ ವರ್ಷ ನನ್ನ ಮಾವ, ಅಂದರೆ ಅಪ್ಪ ಅಷ್ಟು ಹೆದರಿದ್ದ ಅದೇ ಬೀಗರು, ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದರು: “ರೇಸಿನ ಗಾಡಿ ಓಡಿಸಿ ಬಂದೀಯಂತಲ್ಲವಾ, ಹೆಂಗಿತ್ತು?” ನಾನು ಹೋಗಿಯೇ ಇಲ್ಲ ಎಂದಾಗ ಅವರಿಗೆ ನಿಜಕ್ಕೂ ಬೇಸರವಾಯಿತು.

ಹೋದ ವಾರ ಸ್ಕೂಟರಿಗೆ ಟೈರು ಹಾಕಿಸಿಕೊಂಡು ಬಂದ ಎರಡು ದಿನಕ್ಕೆ ಅಣ್ಣನ ಫೋನು ಬಂತು. ನಾನೇನೂ ಕತೆ ಕಟ್ಟುತ್ತಿಲ್ಲ, ಬಂದದ್ದೇ ಹಾಗೆ. ಮಗಳಿಗೆ ಲೈಸೆನ್ಸ್ ಬಂದಿದೆ, ಆಕೆಯನ್ನು ಆ ಟ್ರ್ಯಾಕಿಗೆ ಕರೆದೊಯ್ಯುತ್ತಾನೆ. ಊರಲ್ಲಿ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದಾರೆ, ಮಗಳನ್ನು ಹೀಗೆ ಬೆಳೆಸಬೇಕು ಎನ್ನುತ್ತಿದ್ದಾರೆ. “ಆವಾಗ ನೀ ಗಾಲಿ ಆರಿಸಿದ್ದೆಲ್ಲಾ, ಅವು ಯಾವುವು? ಆ ಹಳೀ ಕಾರಿಗೇ ಹಾಕಸ್ಬೇಕು,” ಅಂದ. ನಾನು ಬಾಯಿ ತೆರೆಯುವುದರೊಳಗೆ ಅವನ ಮಗಳು ಫೋನು ಕಸಿದುಕೊಂಡಳು.

“ಅತ್ತಿ, ಆವಾಗ ನೀವು ಅಂಜಿ ಟ್ರ್ಯಾಕಿಗೆ ಹೋಗಲಿಲ್ಲಂತ ಪಪ್ಪಾ ಹೇಳಿದ್ರು. ಖರೇನ್ರಿ?”

ನಾನು ಅಣ್ಣನ ಕೈಗೆ ಫೋನು ಕೊಡಿಸಿದೆ. “ಹುಡುಗಿಗೆ ಏನರ ಹೇಳಬೇಕಿತ್ತು, ಹೇಳೇನಿ,” ಅಂದ.

“ಮೊದಲ ಆಕಿ ಮುಂದ ಖರೇ ಹೇಳು. ಆಮ್ಯಾಲ ಗಾಲಿ ಮಾತು.”

“ಹಳೀದೆಲ್ಲ ಈಗ್ಯಾಕ ತಗೀತಿ? ಬಿಡು, ಸೊಲ್ಲಾಪುರದಾಗ ಯಾವುದರ ಹಾಕಸ್ತೇನಿ,” ಎಂದು ಫೋನು ಇಟ್ಟ.

ಮರುದಿನ ಮಧ್ಯಾಹ್ನದವರೆಗೆ ಗಟ್ಟಿಯಾಗಿದ್ದೆ. ಆಮೇಲೆ ಆಗಲಿಲ್ಲ. ಅವನು ಯಾವುದನ್ನಾದರೂ ಹಾಕಿಸುವವನೇ. ಬ್ರೇಕಿಗೆ ತಾಗುವ ರಿಮ್ಮಿನ ಮೇಲೆ ಕೂರುವವಳು ಆ ಹುಡುಗಿ. ನಾನೇ ಆಕೆಗೆ ಫೋನು ಮಾಡಿದೆ. ರಿಮ್ಮು ಎಷ್ಟು ಇಂಚು, ಯಾವ ನಮೂನೆ, ಟೈರು ಎಷ್ಟು ಅಗಲ, ಗಾಳಿ ಎಷ್ಟು, ಮೊದಲ ಸುತ್ತು ಎಷ್ಟು ನಿಧಾನ, ಎಲ್ಲ ಹೇಳಿದೆ. ಒಂದೂ ಮರೆತಿರಲಿಲ್ಲ.

“ಇಷ್ಟೆಲ್ಲಾ ಗೊತ್ತಿದ್ದು ಅಂಜಿದ್ರಿ ಅತ್ತಿ?” ಅಂದಳು.

“ನಾ ಅಂಜಿದ್ದಿಲ್ಲ.”

“ಹಂಗಾದ್ರ ಯಾಕ ಹೋಗಲಿಲ್ರಿ?”

ತವರಿನವರು ಯಾರೂ ಇಷ್ಟು ವರ್ಷ ನನ್ನನ್ನು ಇದನ್ನು ಕೇಳಿರಲಿಲ್ಲ. ಹೇಳುವುದಕ್ಕೆ ಬೇಕಾದಷ್ಟಿತ್ತು. ಆದರೆ ಅದನ್ನು ಹೇಳಬೇಕಾದವಳು ನಾನಲ್ಲ.

“ರಾತ್ರಿ ಎಲ್ಲಾರೂ ಊಟಕ್ಕ ಕುಂತಾಗ ನಿಮ್ಮಪ್ಪನ್ನ ಕೇಳು,” ಅಂದೆ. “ಅಜ್ಜನ ಮುಂದ ಕೇಳು.”