ಸುಗಲಾಬಾಯಿ ಹೇಳಿದ ಹೆಸರು

ಅಕ್ಕಲಕೋಟದ ಆ ಮನೆಯಲ್ಲಿ ಅಂದು ಬೆಳಗಿನಿಂದಲೇ ಇಂಗ್ಲಿಷು ನಡೆದಿತ್ತು. ಜಟ್ಟೆಪ್ಪ ಎಸ್.ಟಿ. ಬಸ್ಸಿನ ಕಂಡಕ್ಟರ್. ಡಿಪೋದಲ್ಲಿ ಕ್ಲಾರ್ಕ್ ಆಗಬೇಕೆಂದರೆ ಸೊಲ್ಲಾಪುರಕ್ಕೆ ಹೋಗಿ ಇಂಗ್ಲಿಷ್ ಪರೀಕ್ಷೆಗೆ ಕೂಡಬೇಕು. ಮರುದಿನವೇ ಪರೀಕ್ಷೆ. ಮೂವತ್ತು ದಾಟಿದ ಗಂಡಸು ವ್ಯಾಕರಣದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ತೂಗುತ್ತ ಓದುತ್ತಿದ್ದ. ಒಲೆಯ ಮುಂದೆ ಹೆಂಡತಿ ಸುಗಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಓದು ಬಾರದು. ಆದರೂ ದಿನಾ ಕೇಳಿ ಕೇಳಿ ನೌನು, ವರ್ಬು ಬಾಯಿಗೆ ಬಂದಿದ್ದವು.

“ವರ್ಬ್ ಅಂದ್ರ?” ಎಂದು ಅವನು ಕೇಳಿದ.

“ಮಾಡೂದು. ನಾ ಮಾಡಾಕತ್ತೀನಿ, ನೀವು ಕುಂತೀರಿ.”

“ಕುಂದ್ರೂದೂ ವರ್ಬ್ ಐತಿ.”

“ಹಂಗಾರ ನಿಮ್ಮಂಥಾ ದುಡಿಯಾವ್ರು ಊರಾಗ ಇಲ್ಲ ಬಿಡ್ರಿ.”

ಅವನು ನಕ್ಕ. “ಅಡ್ಜೆಕ್ಟಿವ್?”

“ಎಂಥಾದ್ದು ಅಂತ ಹೇಳೂದು. ಕರೀದು, ಉದ್ದಂದು, ಮೊಂಡ.” ಹೇಳುತ್ತ ಅವನನ್ನೇ ನೋಡಿದಳು.

“ನೌನ್?”

“ಹೆಸರು. ರೊಟ್ಟಿ, ಬುಟ್ಟಿ, ಎಮ್ಮಿ.”

“ಮನಷ್ಯಾಂದು ಒಂದ್ ಹೇಳು. ನಂದು ಹೇಳು.”

“ಥೂ, ಹೋಗ್ರಿ. ಗಂಡನ ಹೆಸರ ಬಾಯಾಗ ತಂದ್ರ ಆಯುಷ್ಯ ಕಡಿಮಿ ಆಗ್ತದ.”

“ಸಾಯೂದಿಲ್ಲ, ಹೇಳ.”

ಹಿಟ್ಟಿನ ಕೈಯನ್ನು ಅವನತ್ತ ಬೀಸಿದಳು. ಹೇಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದ. ಪರೀಕ್ಷೆ ಮುಗಿಸಿ ರಸ್ತೆ ದಾಟುವಾಗ ಹತ್ತಿಯ ಲಾರಿ ಬಡಿಯಿತು. ಸುದ್ದಿ ತಂದವನು ಅವನ ಗೆಳೆಯ, ಡ್ರೈವರ್ ಬಸಣ್ಣ.

“ವೈನಿ, ಜೀವ ಐತಿ. ದೊಡ್ಡ ದವಾಖಾನ್ಯಾಗ ಹಾಕ್ಯಾರ, ನಿಮ್ಮನ್ನ ಕೇಳಾಕತ್ತಾನ. ಲಗೂ ಹೋಗ್ರಿ. ಬಾಗಲಾಗ ಹೆಸರ ಹೇಳಿದ್ರ ತೋರಸ್ತಾರ.”

ಅತ್ತೆ ತುಳಜಾಬಾಯಿ ಮೈಂದರ್ಗಿಯಲ್ಲಿ ಮಗಳ ಮನೆಯಲ್ಲಿದ್ದಳು. ಬಸಣ್ಣ ಅವಳನ್ನು ಕರೆತರಲು ಹೋದ. ಸುಗಲಾಬಾಯಿ ಒಬ್ಬಳೇ ಸೊಲ್ಲಾಪುರದ ಬಸ್ಸು ಹತ್ತಿದಳು.

ದವಾಖಾನೆಯ ಬಾಗಿಲಲ್ಲಿ ಮೇಜಿನ ಹಿಂದೆ ಒಬ್ಬ ಕಾರಕೂನ ಕುಳಿತಿದ್ದ. “ನಾವ ಸಾಂಗಾ, ಬಾಯಿ” ಎಂದು ಮರಾಠಿಯಲ್ಲಿ ಕೇಳಿದ.

ಹೆಸರು ಕೇಳುತ್ತಿದ್ದಾನೆ ಎಂದು ತಿಳಿಯಿತು. “ಸುಗಲಾಬಾಯಿ” ಎಂದಳು.

“ನಿಂದಲ್ಲವಾ, ಪೇಷಂಟಂದು” ಎಂದು ಅವನು ಕನ್ನಡಕ್ಕೆ ಹೊರಳಿದ.

ಅವಳು ಹಿಂದಿನ ಸಾಲಿನತ್ತ ತಿರುಗಿ ನೋಡಿದಳು. ಊರಲ್ಲಾದರೆ ಪಕ್ಕದಲ್ಲಿದ್ದ ಯಾರಾದರೂ ಹೇಳಿಬಿಡುತ್ತಿದ್ದರು. ಇಲ್ಲಿ ಅವನನ್ನು ಬಲ್ಲವರು ಒಬ್ಬರೂ ಇಲ್ಲ. ಬೇರೆ ದಿನವಾಗಿದ್ದರೆ ಹೇಗೋ ಹೇಳುತ್ತಿದ್ದಳೇನೋ. ಜೀವ ಇಷ್ಟೇ ಇಷ್ಟು ಉಳಿದಿರುವಾಗ ಹೇಗೆ ಹೇಳುವುದು?

“ಕರ್ರಗ ಅದಾರ್ರಿ, ಉದ್ದ ಅದಾರ. ಹುಬ್ಬಿನ ಮ್ಯಾಲ ಹಳೇ ಗಾಯದ ಕಲಿ ಐತಿ. ಬಸ್ಸಿನ್ಯಾಗ ತಿಕೀಟ ಹರೀತಾರ.”

“ಇಲ್ಲಿ ಬರೋರೆಲ್ಲಾ ಕರ್ರಗ ಇರ್ತಾರ, ಗಾಯಾನೂ ಇರ್ತದ. ಹೆಸರ ಹೇಳು.”

“ಕುಸ್ತಿ ಹಿಡಿಯಾವ್ರಿಗೆ ಏನಂತಾರ್ರಿ, ಹಂಗ ಐತ್ರಿ.”

“ಪೈಲವಾನ!” ಎಂದು ಹಿಂದೆ ನಿಂತವನೊಬ್ಬ ಕೂಗಿದ. ಸಾಲಿಗೆ ಸಾಲೇ ನಕ್ಕಿತು. “ಮಲ್ಲಪ್ಪೇನವಾ?” ಎಂದು ಒಬ್ಬ ಮುದುಕಿ ಕೇಳಿದಳು. ಮಲ್ಲಪ್ಪ ಅನ್ನೋರು ಇಲ್ಲ ಎಂದ ಕಾರಕೂನ. ಬಾಜೂಕ್ಕ ಸರಿ ಎಂದ.

ಅವಳು ತಾನೇ ಒಳಗೆ ನುಗ್ಗಿದಳು. ಒಂದೊಂದೇ ಹಾಸಿಗೆ, ಒಂದೊಂದೇ ಮುಖ ನೋಡುತ್ತ ಹೋದಳು. ವಾರ್ಡ್‌ಬಾಯ್ ರಟ್ಟೆ ಹಿಡಿದು ಹೊರಗೆ ಹಾಕಿದ. ಇನ್ನೊಂದು ಬಾಗಿಲಿಂದ ಹೋದಳು. ಅಲ್ಲಿಂದಲೂ ಹಾಕಿದರು. ಅಷ್ಟೊತ್ತಿಗೆ ದೀಪ ಹತ್ತಿದ್ದವು.

ಮೇಜಿಗೆ ಮರಳಿ ಬಂದು, ಅದರ ಅಂಚು ಹಿಡಿದುಕೊಂಡಳು. “ಜಟ್ಟೆಪ್ಪ” ಎಂದಳು. ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಕಾರಕೂನ ಕೈ ಮಾಡಿ ತೋರಿಸಿದ. ಬಲಕ್ಕೆ, ಕೊನೆಯ ಖೋಲಿ. ಓಡಿದಳು. ನರ್ಸು ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು.

“ಈಗ ಹ್ವಾದ್ರವಾ. ಹೊತ್ತೆಲ್ಲಾ ಬಾಗಲಾ ನೋಡಾಕತ್ತಿದ್ರು.”

ಕೈ ಇನ್ನೂ ಬೆಚ್ಚಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ, ದವಾಖಾನೆಯಲ್ಲಿ ನಡೆದದ್ದನ್ನು ಸೊಸೆಯ ಬಾಯಿಂದಲೇ ಕೇಳಿ, ತುಳಜಾಬಾಯಿ ನಾಲ್ಕು ಮಂದಿಯೆದುರು ಎದೆ ಬಡಿದುಕೊಂಡಳು. “ಹೆಸರ ಹೇಳಿ ನನ್ನ ಮಗನ್ನ ತಿಂದಿ.” ಹೇಳಿದ್ದಕ್ಕೆ ಹೋದನೋ, ಹೇಳಲಿಲ್ಲವೆಂದು ಕಾದು ಕಾದು ಹೋದನೋ, ಸುಗಲಾಬಾಯಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಕೆಲವು ದಿನ ಬಿಟ್ಟು ಬಸಣ್ಣ ಬಂದ. ಜಟ್ಟೆಪ್ಪ ಪಾಸಾಗಿದ್ದಾನೆ ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಪುಸ್ತಕ ಬ್ಯಾಡಾಗಿದ್ರ ನನಗ ಕೊಡ್ರಿ, ವೈನಿ” ಎಂದ. ಕೊಟ್ಟಳು.

ಅತ್ತೆಯ ಮಾತು ನಿಲ್ಲಲಿಲ್ಲ. ಸುಗಲಾಬಾಯಿ ಮನೆ ಬಿಟ್ಟು ಸೊಲ್ಲಾಪುರಕ್ಕೆ ಬಂದಳು. ಅದೇ ದವಾಖಾನೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು.

ದಿನಾ ಬೆಳಿಗ್ಗೆ ಫಿನೈಲಿನ ಬಕೆಟ್ ಹಿಡಿದು ಪಡಸಾಲೆ ಒರೆಸುತ್ತ ಬರುತ್ತಾಳೆ. ಗೋಡೆಗೆ ಆತು ಕುಳಿತ ಹಳ್ಳಿಯ ಹೆಂಗಸರ ಗಂಟು ಸರಿಸುತ್ತ, “ಯಾರ ಸಲುವಾಗಿ ಬಂದೀರವಾ?” ಎಂದು ಕೇಳುತ್ತಾಳೆ. ಕೆಲವರು ಸೆರಗನ್ನು ಬಾಯಿಗೆ ಹಿಡಿಯುತ್ತಾರೆ. ಅವಳು ಒತ್ತಾಯ ಮಾಡುವುದಿಲ್ಲ. ಊರು ಯಾವುದು ಎಂದಷ್ಟು ಕೇಳಿಕೊಂಡು ಒಳಗೆ ಹೋಗಿ, ಗಂಡಸರ ಹಾಸಿಗೆಗಳ ನಡುವೆ ಆ ಊರಿನವರು ಯಾರೆಂದು ಕೂಗುತ್ತಾಳೆ. ಸಿಕ್ಕರೆ ಬಂದು ಕರೆದೊಯ್ಯುತ್ತಾಳೆ. ಕೆಲವು ಸಲ ಹಾಸಿಗೆ ಖಾಲಿಯಾಗಿರುತ್ತದೆ. ಆಮೇಲೆ ಬಕೆಟ್ಟಿನ ನೀರು ಚೆಲ್ಲಿ, ಬೇರೆ ನೀರು ತುಂಬಿಕೊಂಡು, ಬಿಟ್ಟ ಜಾಗದಿಂದ ಮತ್ತೆ ಒರೆಸುತ್ತಾಳೆ.