ನಾನು ಮಾಡದ ಫೋನ್ ಕರೆ

ಆ ದಿನ ಓಬಳೇಶನಿಗೆ ಬಂದ ಫೋನ್ ನಾನು ಮಾಡಿದ್ದಲ್ಲ. ನಾನೇ ಮಾಡಿದ್ದು ಎಂದು ಅವನಿಗೆ ಹೇಳಿದೆ. ಲೋಕದಲ್ಲಿ ಎಲ್ಲರೂ ಮಾಡಿದ್ದನ್ನು ಮಾಡಿಲ್ಲ ಎಂದು ಸುಳ್ಳು ಹೇಳುತ್ತಾರೆ; ನನ್ನದು ಅದರಲ್ಲೂ ಉಲ್ಟಾ. ಆ ಸುಳ್ಳಿನಿಂದ ಅವನ ಸೀಟು ನನ್ನದಾಯಿತು. ನನ್ನ ಹೆಸರಿನ ಮುಂದೆ ಇವತ್ತು ಇರುವ ಪದವಿ, ಅದನ್ನು ನೋಡಿ ಸಿಕ್ಕ ಕೆಲಸ — ಎರಡೂ ಅವನವು.

ನಾನು ಇಮ್ರಾನ್. ಚಳ್ಳಕೆರೆಯಲ್ಲಿ ನಮ್ಮ ಅಬ್ಬಾ ಬೈಕ್ ರಿಪೇರಿ ಮಾಡುತ್ತಾರೆ. ನಾನು ಅಲ್ಲೇ ಕೂತು ಗಿರಾಕಿಗಳ ದನಿ ಕದಿಯುತ್ತಾ ಬೆಳೆದವನು. ಶೇಂಗಾ ಮಂಡಿಯ ದಲ್ಲಾಳಿ, ಕಾಲೇಜಿನ ಪ್ರಿನ್ಸಿಪಾಲರು, ಮಳೆಗೆ ನೆನೆದು ಸ್ಟಾರ್ಟ್ ಆಗದ ಹಳೇ ಮೊಪೆಡ್ — ಯಾವುದನ್ನು ಕೇಳಿದರೂ ಮಾಡಿ ತೋರಿಸುತ್ತಿದ್ದೆ. ರೇಟು ಹೇಳುವ ಮುಂಚೆ ಅಬ್ಬಾ ಕೆಮ್ಮುವ ಕೆಮ್ಮನ್ನು ಅವರ ಎದುರೇ ಮಾಡಿ ಸ್ಪ್ಯಾನರಿನಿಂದ ಏಟೂ ತಿಂದಿದ್ದೇನೆ. ನನ್ನ ಸ್ವಂತ ದನಿ ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ನನಗೂ.

ಓಬಳೇಶ ಮೊಳಕಾಲ್ಮೂರಿನವನು. ಅವನ ಅವ್ವ ಸೀರೆ ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಬಿ.ಎಸ್ಸಿ.ಗೆ ಅವನು ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಭೌತಶಾಸ್ತ್ರ ಅವನಿಗೆ ತಿಳಿದಂತೆ ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರಿಗೂ ತಿಳಿದಿರಲಿಲ್ಲ — ಇದನ್ನು ಆ ಮೇಷ್ಟ್ರ ದನಿಯಲ್ಲೇ ಹೇಳಿ ನಗಿಸುತ್ತಿದ್ದೆ. ದೂರದ ಒಂದು ದೊಡ್ಡ ವಿಶ್ವವಿದ್ಯಾಲಯದ ಎಂ.ಎಸ್ಸಿ.ಗೆ ಇಬ್ಬರೂ ಅರ್ಜಿ ಹಾಕಿದೆವು. ರಜೆಯ ದಿನಗಳಲ್ಲಿ ಬ್ರಹ್ಮಗಿರಿಯ ಬಂಡೆಗಳ ನೆರಳಿನಲ್ಲಿ ಕೂರಿಸಿಕೊಂಡು ಪ್ರವೇಶ ಪರೀಕ್ಷೆಯ ಲೆಕ್ಕಗಳನ್ನು ನನ್ನ ತಲೆಗೆ ತುಂಬಿದವನು ಅವನೇ. ನಾನು ಪಾಸಾದದ್ದು ಅವನ ಗಂಟಲು ಒಣಗಿದ್ದರಿಂದ.

ಆ ವಿಶ್ವವಿದ್ಯಾಲಯದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ. ಹಿಂದುಳಿದ ತಾಲ್ಲೂಕುಗಳವರಿಗೆಂದು ಬೆರಳೆಣಿಕೆಯ ಸೀಟು, ಅದಕ್ಕೊಂದು ಕಾಯುವ ಪಟ್ಟಿ. ಪಟ್ಟಿಯನ್ನು ಯಾರಿಗೂ ತೋರಿಸುವುದಿಲ್ಲ; ವೆಬ್‌ಸೈಟಿಗೆ ಹೋದರೆ ನಿಮ್ಮ ಸ್ಥಾನ ನಿಮಗಷ್ಟೇ ಕಾಣುತ್ತದೆ. ಸಂದರ್ಶನಕ್ಕೆ ಹೋದಾಗ ಪ್ರವೇಶ ವಿಭಾಗದ ಅಧಿಕಾರಿ ಮೂಗಿನಲ್ಲಿ ಹೇಳಿದ್ದ — "ಸೀಟು ಖಾಲಿಯಾದರೆ ಫೋನ್ ಮಾಡ್ತೇವೆ. ಒಂದೇ ಮಾತು. ಬೇಕಾ, ಬೇಡವಾ." ಯಾವುದೋ ಕಾಲದ ಒಬ್ಬ ದೊರೆ ನಮ್ಮ ಕಡೆಯವರಿಗೆ ಹೇಳಬೇಕಾದದ್ದನ್ನು ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಕೆತ್ತಿಸಿ ಹೋಗಿದ್ದಾನೆ. ಇವರಿಗೆ ಒಂದು ಮೆಸೇಜು ಕಳಿಸಲೂ ಕೈ ನೋಯುತ್ತಿತ್ತೋ ಏನೋ.

ಕಾಯುವ ದಿನಗಳಲ್ಲಿ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯೇ ನಮ್ಮ ಕಚೇರಿ. ಅವಳಿಗೆ ಬಂತಂತೆ, ಇವನಿಗೆ ಇಲ್ಲವಂತೆ, ಇವನಿಗಿಂತ ಕಡಿಮೆ ಅಂಕದವನಿಗೆ ಆಗಲೇ ಹಾಸ್ಟೆಲ್ ಸಿಕ್ಕಿತಂತೆ — ಮೊಬೈಲ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಕೆಲಸ. ಓಬಳೇಶನದೂ ನನ್ನದೂ ಒಂದೇ ಪಟ್ಟಿ. ಅವನ ಬೆನ್ನಿಗೇ ನಾನು.

"ನಾನು ಒಳಗೆ ಹೋದ್ರೆ ಬಾಗಿಲು ಹಿಡ್ಕಂಡಿರ್ತೀನಿ, ನುಗ್ಗಿಬಿಡ್ಲೇ" ಎಂದಿದ್ದ.

ನನಗೆ ಬಾಯಿ ಸುಮ್ಮನಿರಬೇಕಲ್ಲ. ಗ್ಯಾರೇಜಿಗೆ ಬಂದ ಗಿರಾಕಿಯೊಬ್ಬರ ಫೋನು ಇಸಕೊಂಡು, ಆ ಅಧಿಕಾರಿಯ ಮೂಗಿನ ದನಿಯಲ್ಲಿ ಓಬಳೇಶನಿಗೆ ಕರೆ ಮಾಡಿದೆ. "ಸೀಟು ಖಾಲಿ ಆಗಿದೆ. ಒಂದೇ ಮಾತು. ಬೇಕಾ, ಬೇಡವಾ?" ಅವನು "ಬೇಕು ಸಾರ್" ಎಂದ ರೀತಿಗೆ ನಾನು ನಕ್ಕುಬಿಡಬೇಕಿತ್ತು. ನಗಲಿಲ್ಲ, ದನಿ ಚೆನ್ನಾಗಿ ಬಂದಿತ್ತು, ಕೆಡಿಸಲು ಮನಸ್ಸಾಗಲಿಲ್ಲ. ಮತ್ತೆ ಫೋನ್ ಮಾಡಿ ನಿಜ ಹೇಳುವಷ್ಟರಲ್ಲಿ ಅವರ ಅವ್ವ ಓಣಿಯ ಮಗ್ಗದ ಮನೆಗಳಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು.

ಮರುದಿನ ಟೀ ಅಂಗಡಿಯಲ್ಲಿ ಓಬಳೇಶ ನನ್ನ ಕತ್ತಿನ ಪಟ್ಟಿ ಹಿಡಿದ. "ಏಂ ರಾ ಇಮ್ರಾನ್, ಅವ್ವ ಯಾರಿಗೂ ಮುಖ ತೋರಿಸಂಗಿಲ್ಲ ಕಣಲೇ. ಇನ್ನೊಂದು ಸಲ ಮಾಡಿ ನೋಡು."

ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಮಾಡಿದೆ. ಆಮೇಲೆ ಮತ್ತೊಂದು ಸಲ. ಪ್ರತಿ ಸಲವೂ ಬೇರೆ ಗಿರಾಕಿ, ಬೇರೆ ನಂಬರು. ಅವನೂ ಪಳಗಿದ. ಮೂಗಿನ ದನಿ ಕೇಳಿದ ಕೂಡಲೇ "ನಿಮ್ಮ ಸೀಟು ನೀವೇ ಇಟ್ಕಳ್ರಿ ಸಾರ್" ಎಂದು ಇಡುತ್ತಿದ್ದ. ನಮ್ಮಿಬ್ಬರ ನಡುವೆ ಅದೊಂದು ಆಟವಾಯಿತು. ಆಟ — ಎಂಥ ಹೊಲಸು ಪದ.

ಪಟ್ಟಿ ಮುಚ್ಚುವ ದಿನ ಬೆಳಿಗ್ಗೆ ನನಗೆ ಫೋನ್ ಬಂತು. ಅದೇ ಮೂಗು. ಓಬಳೇಶ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎನ್ನೋಣವೆಂದರೆ ಅವನಿಗೆ ಯಾರ ದನಿಯೂ ಬಾರದು. "ನಿನ್ನ ಮೇಲಿನವನು ಬೇಡ ಅಂದ. ನಿನಗೆ ಬೇಕಾ, ಬೇಡವಾ?" ಮೇಲಿನವನು ಯಾರೆಂದು ನನಗೆ ಗೊತ್ತಿತ್ತು. ಅವನೇಕೆ ಬೇಡ ಎಂದ ಎಂದು ಯೋಚಿಸಲು ಆ ಪುಣ್ಯಾತ್ಮ ಉಸಿರೆಳೆಯುವಷ್ಟೂ ಸಮಯ ಕೊಡಲಿಲ್ಲ. "ಬೇಕು" ಎಂದೆ. "ಸಂಜೆಯೊಳಗೆ ಒಪ್ಪಿಗೆ ಮೇಲ್ ಮಾಡು. ಇಲ್ಲವಾದರೆ ಸೀಟಿಲ್ಲ" ಎಂದು ಇಟ್ಟ.

ಇಲ್ಲಿಯ ತನಕ ನಾನು ಬರೀ ತರಲೆ. ಇನ್ನು ಮುಂದಿನದು ಬೇರೆ.

ಮಧ್ಯಾಹ್ನದ ಬಸ್ಸಿಗೆ ಓಬಳೇಶ ಬಂದ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಬೆನ್ನಿಗೆ ಗುದ್ದಿ ನಕ್ಕ.

"ಇವತ್ತು ಬೆಳಿಗ್ಗೆ ಭಾಳ ಚೆನ್ನಾಗಿ ಮಾಡಿದ್ಯಲೇ. ಹಿಂದೆ ಆಫೀಸಿನ ಗದ್ದಲ ಬ್ಯಾರೆ ಹಾಕಿದ್ದೆ. ಎಲ್ಲಿಂದ ಹಿಡ್ಕಂಬಂದೆ ಅದನ್ನ?"

ಲೋಟವನ್ನು ಬೆಂಚಿನ ಮೇಲಿಟ್ಟೆ. "ನೀನೇನಂದೆ?" ಎಂದೆ.

"ಬ್ಯಾಡ ಸಾರ್, ನಮ್ಮ ಇಮ್ರಾನ್ ಅಂತ ಒಂದು ಕೋತಿ ಐತೆ, ಅದಕ್ಕೆ ಕೊಡ್ರಿ ಅಂದೆ. ಏನೂ ಮಾತಾಡ್ದಂಗೆ ಇಟ್ಟೆ ನೋಡು ನೀನು." ಮತ್ತೆ ನಕ್ಕ. ಆಮೇಲೆ ನನ್ನ ಮುಖ ನೋಡಿದ. "ಯಾಕ್ಲೇ? ನೀನೇ ತಾನೆ?"

ಒಪ್ಪಿಗೆಯ ಮೇಲ್ ನಾನಿನ್ನೂ ಕಳಿಸಿರಲಿಲ್ಲ. ಸಂಜೆಯವರೆಗೆ ಹೊತ್ತಿತ್ತು. ಓಬಳೇಶ, ಅದು ನಿಜವಾದ ಕರೆ ಕಣೋ, ಈಗಲೇ ವಾಪಸ್ ಮಾಡು — ಇಷ್ಟು ಹೇಳಲು ಯಾವ ಮಿಮಿಕ್ರಿಯೂ ಬೇಕಿರಲಿಲ್ಲ. ಹೇಳಿದರೆ ಅವರು ಅವನಿಗೆ ಕೊಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಹಿಡಿದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

"ಹೂಂಲೇ, ನಾನೇ" ಎಂದೆ.

ಅವನು ಟೀಗೆ ದುಡ್ಡು ಕೊಟ್ಟು ಎದ್ದ. ಅವನು ಹತ್ತಿದ ಬಸ್ಸು ತಿರುಗಿ ಕಣ್ಮರೆಯಾದ ಮೇಲೆ ಮೇಲ್ ಕಳಿಸಿದೆ.

ವಾರದ ನಂತರ ನನಗೆ ಸೀಟಾದ ಸುದ್ದಿ ಊರಿಗೆಲ್ಲ ತಿಳಿಯಿತು. "ನಿನಗಿಂತ ನಾನು ಮುಂದಿದ್ನಲ್ಲಲೇ, ಹೆಂಗಾತು?" ಎಂದು ಓಬಳೇಶ ಕೇಳಿದ. ಹೊಟ್ಟೆಕಿಚ್ಚಿರಲಿಲ್ಲ, ಲೆಕ್ಕ ತಪ್ಪಿದಾಗ ಕೇಳುವ ಹಾಗೆ ಕೇಳಿದ. ಸಂದರ್ಶನದ ಅಂಕ ಸೇರಿಸಿ ಕೊನೆಗೆ ಪಟ್ಟಿಯನ್ನೇ ತಿರುಗಿಸಿದರಂತೆ ಎಂದೆ. ಅದನ್ನೂ ಆ ಅಧಿಕಾರಿಯ ದನಿಯಲ್ಲೇ ಹೇಳಿದೆ. ಟೀ ಅಂಗಡಿ ಪೂರ್ತಿ ನಕ್ಕಿತು. ಆಮೇಲೆ ಪೂರ್ತಿ ಬೈಯಿತು. ಕಳ್ಳರು, ನಮ್ಮಂಥವರ ಬೆವರಿನ ಬೆಲೆ ಗೊತ್ತಿಲ್ಲದವರು ಎಂದು. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ಓಬಳೇಶನೇ ನನ್ನ ತೋಳು ಹಿಡಿದು "ಹೋಗ್ಲಿ ಬಿಡಲೇ, ನಿನಗಾದ್ರೂ ಆತಲ್ಲ" ಎಂದು ಸಮಾಧಾನ ಮಾಡಿದ. ಅವರ ಅವ್ವ ನನಗೆ ಬುತ್ತಿ ಕಟ್ಟಿ ಕಳಿಸಿದ್ದಳು. "ಇಮ್ರಾನಪ್ಪ ದೂರ ಹೋಗ್ತಾನೆ, ದಾರಿಗೆ ಇರ್ಲಿ" ಎಂದಳಂತೆ. ರೈಲಿನಲ್ಲಿ ಕೂತು ತಿಂದೆ. ರುಚಿಯಾಗಿತ್ತು. ಅದನ್ನೂ ಹೇಳಿಬಿಡಬೇಕು.

ಆ ವಿಶ್ವವಿದ್ಯಾಲಯದ ಮೇಲಿನ ನನ್ನ ಸಿಟ್ಟು ಸುಳ್ಳಲ್ಲ. ಒಬ್ಬ ಹುಡುಗನ ಬದುಕನ್ನು ಫೋನಿನಲ್ಲಿ ಹೌದು-ಅಲ್ಲಕ್ಕೆ ಇಳಿಸಿ, ಅವನು ತಮಾಷೆಗೆ ಹೇಳಿದ್ದನ್ನೇ ಬರೆದುಕೊಂಡು ಮುಂದಿನವನಿಗೆ ಡಯಲ್ ಮಾಡುವವರ ಮೇಲೆ ಸಿಟ್ಟು ಬರದಿದ್ದರೆ ನಾನು ಮನುಷ್ಯನೇ ಅಲ್ಲ. ಆದರೆ ಆ ಸಿಟ್ಟನ್ನು ನಾನು ಕಂಬಳಿಯ ಹಾಗೆ ಹೊದ್ದುಕೊಂಡೆ. ಅವರು ಒಂದು ಸಲ ಕೇಳಿ ಬಿಟ್ಟರು. ನಾನು ಅವನ ಕಣ್ಣೆದುರು ಕೂತು, ಅವನದೇ ಟೀ ಕುಡಿಯುತ್ತಾ —

ಓಬಳೇಶ ಹಾಳಾಗಲಿಲ್ಲ. ಮೊಳಕಾಲ್ಮೂರು ಸೀಮೆಯ ಗಾಳಿಯಂತ್ರಗಳ ಕಂಪನಿಯೊಂದರಲ್ಲಿ ಟೆಕ್ನೀಷಿಯನ್. "ಗಾಳಿ ಬಿಟ್ಟಾಗ ಕೆಲಸ, ಬಿಡದಿದ್ರೆ ನಿದ್ದೆ" ಎನ್ನುತ್ತಾನೆ. ಹಾಳಾಗಿಲ್ಲವಲ್ಲ ಎಂದುಕೊಂಡು ನಾನು ಇನ್ನೂ ಸುಮ್ಮನಿರುತ್ತಿದ್ದೆ. ಆದರೆ ಅವನ ತಂಗಿ ರತ್ನ ಈ ವರ್ಷ ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ. ಕಾಯುವ ಪಟ್ಟಿಯಲ್ಲಿದ್ದಾಳೆ. ಮೊನ್ನೆ ಅವಳೇ ನನಗೆ ಫೋನ್ ಮಾಡಿದಳು.

"ಅಣ್ಣಾ, ನೀನು ಅಲ್ಲೇ ಓದಿದೋನಲ್ಲ. ನಮ್ಮಣ್ಣ ಕಾಯಬ್ಯಾಡ ಅಂತಾನೆ. ಅವರು ಕರೆದ್ರೂ ಹೋಗಂಗಿಲ್ಲ, ಪಟ್ಟಿ ತಿರುಗಿಸೋ ಕಳ್ಳರು, ನನ್ನನ್ನ ನುಂಗಿದ್ರು ಅಂತಾನೆ. ಸೋಮವಾರ ಇಲ್ಲೇ ಕಾಲೇಜಿಗೆ ಸೇರಿಸ್ತಾನಂತೆ. ನಿಜವಾಗ್ಲೂ ಪಟ್ಟಿ ತಿರುಗಿಸ್ತಾರಾ?"

ನನ್ನ ಸುಳ್ಳು ಅವರ ಮನೆಯಲ್ಲಿ ಇಷ್ಟು ವರ್ಷ ಅನ್ನ ತಿಂದು ಬೆಳೆದಿತ್ತು. ಈಗ ಎರಡನೆಯ ಸೀಟಿಗೆ ಕೈಹಾಕಿತ್ತು. "ಇಲ್ಲಮ್ಮ, ತಿರುಗಿಸಲ್ಲ. ಫೋನ್ ಬಂದ್ರೆ ಬೇಕು ಅನ್ನು. ನಿಮ್ಮಣ್ಣನ ಹತ್ರ ನಾನು ಮಾತಾಡ್ತೀನಿ" ಎಂದೆ.

ಆಗಲೇ ಓಬಳೇಶನಿಗೆ ಫೋನ್ ಮಾಡಿದೆ. ನಿನಗೊಂದು ಮಾತು ಹೇಳಬೇಕು, ಆವತ್ತು ನಿನಗೆ ಬಂದ ಕರೆ ನಿಜವಾದದ್ದು, ನಾನು ಸುಳ್ಳು ಹೇಳಿದೆ — ತಡವರಿಸುತ್ತಾ ಇಷ್ಟು ಹೇಳಿದೆ. ಆ ಕಡೆ ಗಾಳಿಯ ಸದ್ದು. ಅದರ ನಡುವೆ ಅವನ ನಗು.

"ಇದ್ಯಾರ ದನಿಲೇ? ಹೊಸದು. ಅಳೋನ ಥರ ಐತೆ. ಚೆನ್ನಾಗೈತೆ, ಚೆನ್ನಾಗೈತೆ. ಮೇಲೆ ಹತ್ತಬೇಕು, ಇಡ್ತೀನಿ."

ಇಟ್ಟ.

ಇವತ್ತು ಭಾನುವಾರ. ಚಳ್ಳಕೆರೆಯ ಅದೇ ಬೆಂಚಿನ ಮೇಲೆ ಕೂತು ಇದನ್ನು ಬರೆದು ಮುಗಿಸುತ್ತಿದ್ದೇನೆ. ಎದುರಿಗೆ ಮೊಳಕಾಲ್ಮೂರಿನ ಬಸ್ಸು ನಿಂತಿದೆ. ಅವನ ಅವ್ವನೂ ರತ್ನಳೂ ಇರುವಾಗಲೇ, ಅವನ ಮುಖ ನೋಡಿಕೊಂಡು ಹೇಳುತ್ತೇನೆ. ಕತ್ತಿನ ಪಟ್ಟಿ ಹಿಡಿದರೆ ಹಿಡಿಯಲಿ. ಹೊರಗೆ ಹೋಗು ಎಂದರೆ ಅವರ ಬಾಗಿಲ ಹೊರಗೆ ನಿಂತು ಮತ್ತೊಮ್ಮೆ ಹೇಳುತ್ತೇನೆ, ಅವನು ನಗುವುದನ್ನು ನಿಲ್ಲಿಸುವವರೆಗೆ.