ಅಕ್ಕನ ದನಿಗೆ ಒಂದು ಪ್ಲಗಿನ್

ಅಕ್ಕನ ದನಿ ಹೋದ ಮೇಲೆ ಬೆಳಗಾವಿಯ ರವಿವಾರ ಪೇಟೆಯ ಅವಳ ಅಂಗಡಿಯಲ್ಲಿ ಐದು ನಿಮಿಷ ಕೂರಲೂ ನನಗೆ ಆಗುತ್ತಿರಲಿಲ್ಲ. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆಯ ಸಗಟು ಅಂಗಡಿ ಅದು. ಭಾವ ತೀರಿಕೊಂಡ ಮೇಲೆ ಗಾದಿಯ ಮೇಲೆ ಕೂತವಳು ಅವಳೇ. ಅಂಗಡಿ ನಡೆದದ್ದು ಅವಳ ಬಾಯಿಂದ. ದಿನಾ ಬೆಳಗ್ಗೆ ಸುತ್ತಲಿನ ಊರುಗಳ ಕಿರಾಣಿ ಅಂಗಡಿಯವರಿಗೆಲ್ಲ ಫೋನಿನಲ್ಲಿ ದನಿ ಸಂದೇಶ ಕಳಿಸುತ್ತಿದ್ದಳು. ಮೊದಲು ಚಹಾ ಆಯಿತೇ ಎಂದು ವಿಚಾರಿಸಬೇಕು, ಆಮೇಲೆ ಮಾಲಿನ ಮಾತು. ಚಹಾ ಕೇಳದೆ ದರ ಹೇಳಿದರೆ ನಮ್ಮ ಪೇಟೆಯಲ್ಲಿ ಜಗಳಕ್ಕೆ ಬಂದವರನ್ನು ನೋಡುವ ಹಾಗೆ ನೋಡುತ್ತಾರೆ.

ಗಂಟಲಿನ ಆಪರೇಶನ್ ಆಗಿ ಅಕ್ಕ ಉಳಿದಳು, ದನಿ ಉಳಿಯಲಿಲ್ಲ. ಮನೆಗೆ ಬಂದವಳೇ ತನ್ನ ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನೆಲ್ಲ ಅಳಿಸಿ ಹಾಕಿದಳು. ಫೋನ್ ಮಾಡುವ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಗಳಿಗೆ ಹೊರಳಿದರು. ಒಂದು ದಿನ ಫೋನಿನಲ್ಲಿ ಬರೆದು ನನ್ನ ಮುಖದ ಮುಂದೆ ಹಿಡಿದಳು: "ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ಅಂಗಡಿ ಬಿಟ್ಟಬಿಡ್ತೀನಿ."

"ಹೆಂಗ ಬಿಡ್ತಿ ನೋಡೂಣು," ಎಂದು ನಾನು ರೇಗಿದೆ. ಹಿಂದವಾಡಿಯ ಮನೆಯಲ್ಲೇ ಕೂತು ಫೌಂಡ್ರಿಗಳಿಗೆ, ದವಾಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಊರಿನವರಿಗೆಲ್ಲ ಮಾಡಿದವಳು ಅಕ್ಕನಿಗೇ ಮಾಡಿರಲಿಲ್ಲ.

ವ್ಯಾಪಾರದ ಸೈಟುಗಳಿಗೆ ನಾನು ಒಂದು ಥೀಮ್ ಫ್ರೇಮ್‌ವರ್ಕ್ ಬಳಸುತ್ತೇನೆ. ಗೋಡೆ, ಚಾವಣಿ ಇರುವ ಖಾಲಿ ಮಳಿಗೆ ಅದು ಎಂದುಕೊಳ್ಳಿ. ದೀಪ, ಬೀಗ, ತಕ್ಕಡಿಗಳನ್ನು ನಾವೇ ತಂದಿಟ್ಟುಕೊಳ್ಳಬೇಕು; ಆ ಸಾಮಾನುಗಳೇ ಪ್ಲಗಿನ್‌ಗಳು. ಕೆಲವರು ಪುಕ್ಕಟೆ ಸಿಗುತ್ತದೆಂದು ಕಂಡದ್ದನ್ನೆಲ್ಲ ತುಂಬಿಕೊಂಡು, ಆಮೇಲೆ ಸೈಟು ತೆರೆಯುವುದೇ ಇಲ್ಲ ಎಂದು ನನ್ನ ಹತ್ತಿರ ಗೋಳಾಡುತ್ತಾರೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಪ್ರತಿ ಪ್ಲಗಿನ್ನನ್ನೂ ನಾನು ಕೇಳುವುದು ಒಂದೇ ಮಾತು: ನೀನು ಇಲ್ಲದಿದ್ದರೆ ಏನು ಕೆಡುತ್ತದೆ? ಹಾಗೆ ಕೇಳುತ್ತ ಹೋಗಿ ಅಕ್ಕನ ಸೈಟಿಗೆ ಉಳಿಸಿಕೊಂಡದ್ದು ಕೆಲವೇ ಕೆಲವು. ಒಂದು ಕಳ್ಳರಿಂದ ಸೈಟನ್ನು ಕಾಯುತ್ತದೆ, ಇನ್ನೊಂದು ಅದರ ನಕಲು ತೆಗೆದಿಡುತ್ತದೆ. ಅಕ್ಕನ ಗಿರಾಕಿಗಳಿರುವ ಖಾನಾಪುರದ ಕಾಡಿನ ಕಡೆ ಸಿಗ್ನಲ್ ಸಿಗುವುದೇ ಕಷ್ಟ, ಹಾಗಾಗಿ ಫೋಟೋಗಳನ್ನು ಹಗುರ ಮಾಡುವುದೊಂದು ಬೇಕೇ ಬೇಕಿತ್ತು. ಕನ್ನಡ, ಮರಾಠಿ ಎರಡರಲ್ಲೂ ಓದಿಸುವುದೊಂದು, ಆರ್ಡರ್ ಬರೆಯುವ ಫಾರ್ಮಿನದೊಂದು. ಅಚ್ಚುಕಟ್ಟಾಗಿತ್ತು. ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಗಿರಾಕಿಗಳಿಗೆಲ್ಲ ಲಿಂಕ್ ಕಳಿಸಿದರೂ ಒಂದು ಆರ್ಡರೂ ಬರಲಿಲ್ಲ. ನವರಾತ್ರಿ ಹತ್ತಿರ ಬಂದಿತ್ತು. ಅಕ್ಕ ಏನೂ ಬರೆದು ತೋರಿಸುತ್ತಿರಲಿಲ್ಲ, ಖಾಲಿ ಚೀಲಗಳನ್ನು ಮಡಚಿ ಮಡಚಿ ಇಡುತ್ತಿದ್ದಳು. ನನಗೆ ಹೆದರಿಕೆಯಾಯಿತು. ಗಿರಾಕಿಗಳನ್ನೇ ಕೇಳಿಬಿಡೋಣ ಎಂದು ಖಾನಾಪುರದ ಬಸ್ಸು ಹತ್ತಿದೆ.

ಅಲ್ಲಿ ಅಕ್ಕನ ಹಳೆಯ ಗಿರಾಕಿಯೊಬ್ಬರದು ಕಿರಾಣಿ ಅಂಗಡಿ ಇದೆ. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ ಆಡುವ ಹೆಂಗಸು. ಬಂದ ವಿಷಯ ಹೇಳಿದೆ. ಸೈಟನ್ನು ತಮ್ಮ ಫೋನಿನಲ್ಲೇ ತೆರೆದು ತೋರಿಸಿದರು.

"ಚಂದ ಐತಿ ಖರೇ. ಆದ್ರ ಇದು ಕಚೇರಿ ಇದ್ದಂಗ ಐತ್ರಿ. ಹೆಸರು ಬರಿ, ನಂಬರ್ ಬರಿ, ಎಷ್ಟ ಕಿಲೋ ಬರಿ. ಚಹಾ ಆತೇನಂತ ಕೇಳೋರು ಯಾರೂ ಇಲ್ಲ. ನಿಮ್ಮ ಅಕ್ಕಾರ ಅಂಗಡಿ ಹಿಂಗಿತ್ತೇನ್ರಿ?"

ಹಾಗೆ ಕೇಳಿ ಅವರು ಫೋನಿನಲ್ಲಿ ಏನನ್ನೋ ಹುಡುಕತೊಡಗಿದರು. "ಇದು ಆಪರೇಶನ್ ಹಿಂದಿನ ದಿನದ್ದು. ಅಳಸಾಕ ಮನಸ್ಸ ಬರಲಿಲ್ರಿ," ಎಂದು ಗುಂಡಿ ಒತ್ತಿದರು.

"ನಮಸ್ಕಾರ್ರಿ. ಚಹಾ ಆತೇನ್ರಿ? ಬ್ಯಾಡಗಿ ಮೆಣಸಿನಕಾಯಿ ಚಲೋ ಬಂದೈತಿ. ಬರ್ರಿ, ಕುಂದರ್ರಿ, ಕೈಯಾಗ ಹಿಡದ ನೋಡ್ರಿ, ಆಮ್ಯಾಲ ತಗೋರಿ."

ನಾನು ಎದ್ದು ನಿಂತುಬಿಟ್ಟೆ. ಯಾಕೆ ಎದ್ದೆನೋ ಗೊತ್ತಿಲ್ಲ. ಇನ್ನು ಈ ಜನ್ಮದಲ್ಲಿ ಕೇಳುವುದಿಲ್ಲ ಎಂದುಕೊಂಡಿದ್ದ ದನಿ, ಉಪ್ಪಿನ ಚೀಲದ ಮೇಲಿಟ್ಟ ಫೋನಿನಿಂದ ಚಹಾ ಆಯಿತೇ ಎಂದು ಕೇಳುತ್ತಿತ್ತು. ಅಂಗಡಿಗೆ ಬಂದವರ ಎದುರಿಗೇ ಅತ್ತುಬಿಟ್ಟೆ. ಹೊರಡುವ ಮೊದಲು ಆ ಸಂದೇಶವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ.

ಸೈಟು ತೆರೆದ ಕೂಡಲೇ ಶಂಖ ಊದಬೇಕು, ಗಂಟೆ ಬಾರಿಸಬೇಕು ಎನ್ನುವ ನನ್ನ ಗಿರಾಕಿಗಳನ್ನು ಬೈದು ಕಳಿಸಿದವಳು ನಾನು. ಅದೇ ನಾನು ಮರುದಿನ ಬೆಳಗ್ಗೆ ದನಿ ಕೇಳಿಸುವ ಪ್ಲಗಿನ್ ಹುಡುಕುತ್ತ ಕೂತೆ. ಒಂದು ಸಿಕ್ಕಿತು, ತೀರಾ ಚಿಕ್ಕದು. ಗುಂಡಿ ಒತ್ತಿದರೆ ದನಿ ಕೇಳಿಸುತ್ತದೆ, ಕೇಳಿದವರು ಅಲ್ಲೇ ತಮ್ಮ ದನಿಯಲ್ಲಿ ಉತ್ತರ ಬಿಡಬಹುದು. ಯಾವುದೋ ದೇಶದಲ್ಲಿ ಯಾರೋ ಒಬ್ಬರು ಕೂತು ಬರೆದು, ಬೇಕಾದವರು ಒಯ್ಯಲಿ ಎಂದು ಬಿಟ್ಟುಕೊಟ್ಟದ್ದು. ಅವರಿಗೆ ಬೆಳಗಾವಿ ಗೊತ್ತಿರಲಿಕ್ಕಿಲ್ಲ, ಮೆಣಸಿನಕಾಯಿ ಪೇಟೆಯಂತೂ ಖಂಡಿತ ಗೊತ್ತಿಲ್ಲ. ಆದರೂ ನನ್ನ ಅಕ್ಕನ ದನಿ ಹಿಡಿಸುವಷ್ಟು ಜಾಗ ಅದರಲ್ಲಿತ್ತು. ವರ್ಷಗಟ್ಟಲೆ ಈ ಕೆಲಸ ಮಾಡಿದ ನಾನು ಅವತ್ತು ಆ ಪರದೆಗೆ ಕೈ ಮುಗಿದೆ. ನೀನು ಇಲ್ಲದಿದ್ದರೆ ಏನು ಕೆಡುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಅಕ್ಕನ ಒಪ್ಪಿಗೆ ಇಲ್ಲದೆ ಹಾಕುವಂತಿರಲಿಲ್ಲ. ಅಂಗಡಿಗೆ ಹೋಗಿ, ಗಾದಿಯ ಮೇಲೆ ಅವಳ ಬದಿಗೆ ಕೂತು, ನನ್ನ ಫೋನಿನಲ್ಲಿ ಗುಂಡಿ ಒತ್ತಿದೆ.

"ನಮಸ್ಕಾರ್ರಿ. ಚಹಾ ಆತೇನ್ರಿ?"

ಅಂಗಡಿಯ ಹಳೆಯ ಹಮಾಲರೊಬ್ಬರು ನಮಗೆ ಬೆನ್ನು ಮಾಡಿ ಚೀಲ ಇಳಿಸುತ್ತಿದ್ದರು. ತಿರುಗಿ ನೋಡದೆ, ರೂಢಿಯಂತೆ, "ಆತ್ರಿ ಅಕ್ಕಾರ," ಎಂದರು. ಆಮೇಲೆ ಚೀಲ ಅವರ ಕೈಯಲ್ಲೇ ನಿಂತಿತು. ಮೆಲ್ಲಗೆ ತಿರುಗಿ ಅಕ್ಕನ ಮುಖ ನೋಡಿದರು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಸೆರಗು ಸರಿಸಿದಾಗ ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಇನ್ನೊಮ್ಮೆ ಒತ್ತಿದಳು.

ಅವತ್ತೇ ಆ ದನಿಯನ್ನು ಸೈಟಿಗೆ ಹಾಕಿದೆ. ಮೊದಲ ಉತ್ತರ ಬಂದದ್ದು ಖಾನಾಪುರದಿಂದ. "ನಮ್ದು ಆತ್ರಿ ಅಕ್ಕಾರ, ನಿಮ್ದು?" ಎಂದು ಶುರುವಾಗಿ, ಮಗಳ ಹೆರಿಗೆ, ಅಲ್ಲಿಯ ಮಳೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಮೆಣಸಿನಕಾಯಿ ಬಂತು. ಅಕ್ಕ ಪೂರ್ತಿ ಕೇಳಿ, "ನಂದೂ ಆತು," ಎಂದು ಬರೆದು ಕಳಿಸಿದಳು. ಅದರ ಹಿಂದೆಯೇ ಬೇರೆ ಊರುಗಳ ದನಿಗಳು ಬರತೊಡಗಿದವು. ಅಂಗಡಿಯಲ್ಲಿ ಮತ್ತೆ ಗದ್ದಲ. ಅವಳೊಬ್ಬಳೇ ಸುಮ್ಮನೆ ಕೂತು ಎಲ್ಲರಿಗೂ ಬರೆಯುತ್ತಿದ್ದಳು.

ದೀಪಾವಳಿಗೆ ಇನ್ನು ಸ್ವಲ್ಪ ದಿನ ಇರುವಾಗ ಮತ್ತೆ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಓದಲು ನನಗೆ ಒಂದು ಕ್ಷಣ ಅಂಜಿಕೆಯಾಯಿತು.

"ಹಬ್ಬಕ್ಕ ಅಂಗಡಿಗೆ ಬಣ್ಣ ಹಚ್ಚಸೂಣು. ಯಾವ ಬಣ್ಣ ಚಂದ ಕಾಣ್ತೈತಿ ಹೇಳು."